ಓದುಗರ ಪ್ರಶ್ನೆ: ಪುಟ್ಟ ಮೈಕಿನ ಬೆನ್ನು ಹತ್ತಿದ ಗುಂಯ್ ಸದ್ದು

ಪ್ರಶ್ನೆ: ಮಕ್ಕಳಿಗೆ ಹೇಳಿಕೊಡುವ ಸಂಗೀತ ಪಾಠಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸಬೇಕೆಂದು, ಅಂಗಡಿಯಲ್ಲಿ ‘ಕಂಡೆನ್ಸರ್ ಮೈಕ್’ ಎಂದು ಕೊಡುವ, ಅಂಗಿಯ ಗುಂಡಿಯಷ್ಟು ಚಿಕ್ಕದಾದ ಮೈಕನ್ನು ತಂದು, ಬಿಸಿ 547 ಟ್ರಾನ್ಸಿಸ್ಟರ್ ಒಂದನ್ನೇ ಬಳಸಿ ಕಟ್ಟಿದ, ಮೈಕಿನ ಕ್ಷೀಣ ಸಂಕೇತವನ್ನು ದೊಡ್ಡದು ಮಾಡುವ ಪ್ರಿಆಂಪ್ಲಿಫೈಯರಿಗೆ (ಪ್ರಿಆಂಪ್) ಜೋಡಿಸಿದ್ದೇನೆ. ವಿದ್ಯುತ್ತಿಗೆ ಹಳೆಯ, ಟ್ರಾನ್ಸ್‌ಫಾರ್ಮರ್ ಇರುವ 12 ವೋಲ್ಟಿನ ಅಡಾಪ್ಟರ್ ಇದೆ. ಮೈಕಿನಿಂದ ಪ್ರಿಆಂಪಿನವರೆಗೆ ಕರೆಗಂಟೆಗೆ ಹಾಕುವಂಥ ಎರಡೆಳೆಯ ತಂತಿ, ಸುಮಾರು ಎರಡು ಮೀಟರ್. ಧ್ವನಿ ಬರುತ್ತದೆ, ಆದರೆ ಕ್ಷೀಣವಾಗಿ. ಅದರ ಹಿಂದೆ ಸದಾ ಗುಂಯ್ ಎನ್ನುವ ಸದ್ದು. ಮೈಕಿನ ಲೋಹದ ಮೈಯನ್ನು ಬೆರಳಿನಿಂದ ಮುಟ್ಟಿದರೆ ಆ ಸದ್ದು ಇನ್ನಷ್ಟು ಜೋರಾಗುತ್ತದೆ. ಪರಿಚಿತರೊಬ್ಬರ ಸಲಹೆಯಂತೆ 1000 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿದೆ. ಸದ್ದು ಸ್ವಲ್ಪ ಇಳಿಯಿತೇ ಹೊರತು ಹೋಗಲಿಲ್ಲ. ಮುಂದೇನು ಮಾಡಲಿ?
— ಸಂಗೀತ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಮುಟ್ಟಿದರೆ ಸದ್ದು ಜೋರಾಗುತ್ತದೆ ಎಂಬ ಒಂದು ವಾಕ್ಯ. ಸರಿಯಾಗಿ ಜೋಡಿಸಿದ ಮೈಕಿನಲ್ಲಿ ಹೀಗಾಗುವಂತಿಲ್ಲ. ಆ ಪುಟ್ಟ ಅಲ್ಯೂಮಿನಿಯಂ ಡಬ್ಬಿ ಒಳಗಿನ ಸೂಕ್ಷ್ಮ ಭಾಗಗಳಿಗೆ ಕವಚವಾಗಿ ಇರಬೇಕಾದದ್ದು. ಅದು ಸರ್ಕ್ಯೂಟಿನ ಗ್ರೌಂಡಿಗೆ, ಅಂದರೆ ನೆಗೆಟಿವ್ ಗೆರೆಗೆ ಸೇರಿದ್ದರೆ ಬೆರಳು ತಾಗಿದಾಗ ಏನೂ ಆಗುವುದಿಲ್ಲ, ಇಲ್ಲವೇ ಸದ್ದು ತುಸು ಇಳಿಯುತ್ತದೆ. ಜೋರಾಗುತ್ತದೆ ಎಂದಾದರೆ ಮೈಕಿನ ಎರಡು ತಂತಿಗಳು ಅದಲುಬದಲಾಗಿರಬೇಕು, ಅಥವಾ ಗ್ರೌಂಡಿನ ತಂತಿಯ ಬೆಸುಗೆ ಬಿಟ್ಟಿರಬೇಕು. 230 ವೋಲ್ಟಿನ ವೈರಿಂಗ್ ಇರುವ ಕೋಣೆಯಲ್ಲಿ ನಿಂತ ನಮ್ಮ ಮೈಯೇ ಒಂದು ಏರಿಯಲ್ಲಿನಂತೆ ವರ್ತಿಸುತ್ತದೆ. ತಂತಿಗಳು ಅದಲುಬದಲಾದಾಗ, ಕವಚವಾಗಬೇಕಿದ್ದ ಡಬ್ಬಿಯೇ ಧ್ವನಿಯ ಸಂಕೇತ ಹರಿಯುವ ತುದಿಯಾಗಿ ಬಿಡುವುದರಿಂದ, ನಿಮ್ಮ ಬೆರಳು ಮನೆಯ 50 ಹರ್ಟ್ಜ್ ವಿದ್ಯುತ್ತನ್ನು ನೇರವಾಗಿ ಪ್ರಿಆಂಪಿನ ಬಾಯಿಗೆ ಬಡಿಸಿದಂತಾಗುತ್ತದೆ. ಧ್ವನಿ ಕ್ಷೀಣವಾಗಿರುವುದೂ ಇದೇ ಅನುಮಾನವನ್ನು ಬಲಪಡಿಸುತ್ತದೆ.

ಮೈಕನ್ನು ತಿರುಗಿಸಿ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೆಸುಗೆ ಹಾಕುವ ಎರಡು ಬಿಂದುಗಳಲ್ಲಿ ಒಂದರಿಂದ ಸಣ್ಣ ತಾಮ್ರದ ಪಟ್ಟಿಗಳು ಹೊರಟು ಡಬ್ಬಿಯ ಅಂಚಿಗೆ ಸೇರಿರುತ್ತವೆ, ಅದೇ ನೆಗೆಟಿವ್. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು, ಒಂದು ಮೊನೆಯನ್ನು ಡಬ್ಬಿಗೂ ಇನ್ನೊಂದನ್ನು ಆ ಬಿಂದುಗಳಿಗೂ ತಾಗಿಸಿದರೆ ಗೊತ್ತಾಗುತ್ತದೆ. ಮರಳಿ ಬೆಸೆಯುವಾಗ ಅವಸರವೂ ಬೇಡ, ನಿಧಾನವೂ ಬೇಡ. ಈ ಮೈಕಿನೊಳಗೆ ಕಾಯಂ ಆಗಿ ವಿದ್ಯುದಾವೇಶ ಹಿಡಿದಿಟ್ಟುಕೊಂಡ ತೆಳು ಹಾಳೆಯೊಂದಿದೆ. ಹೆಚ್ಚು ಬಿಸಿಯಾದರೆ ಆ ಆವೇಶ ಸೋರಿಹೋಗಿ ಮೈಕು ಕಿವುಡಾಗುತ್ತದೆ. ತಂತಿಯ ತುದಿಗೆ ಮೊದಲೇ ಸೀಸ ಹಿಡಿಸಿಟ್ಟುಕೊಂಡು, ಎರಡು ಮೂರು ಸೆಕೆಂಡಿನೊಳಗೆ ಕೆಲಸ ಮುಗಿಸಿರಿ. ಅಂದಹಾಗೆ, ಅಂಗಡಿಯವರು ಇದನ್ನು ಕಂಡೆನ್ಸರ್ ಮೈಕ್ ಎಂದರೂ ಇದರ ನಿಜವಾದ ಹೆಸರು ಎಲೆಕ್ಟ್ರೆಟ್ ಮೈಕ್. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು ಇದನ್ನು ರೂಪಿಸಿದರು.

ಇಷ್ಟು ಮಾಡಿದರೆ ಅರ್ಧ ರೋಗ ಹೋಗಬಹುದು. ಉಳಿದರ್ಧ ನಿಮ್ಮ ಅಡಾಪ್ಟರಿನಿಂದ ಬರುತ್ತಿದೆ ಎಂದು ನನ್ನ ಊಹೆ, ಮತ್ತು ದೊಡ್ಡ ಕೆಪಾಸಿಟರ್ ಹಾಕಿಯೂ ಅದು ಹೋಗದಿರುವುದಕ್ಕೆ ಕಾರಣವಿದೆ. ಎಲೆಕ್ಟ್ರೆಟ್ ಮೈಕಿನೊಳಗೆ ಒಂದು ಚಿಕ್ಕ ಫೆಟ್ ಟ್ರಾನ್ಸಿಸ್ಟರ್ ಇರುತ್ತದೆ. ಅದು ಕೆಲಸ ಮಾಡಲು ಹೊರಗಿನಿಂದ ರೆಸಿಸ್ಟರೊಂದರ ಮೂಲಕ ವೋಲ್ಟೇಜು ಕೊಡಬೇಕು, ಮತ್ತು ಅದೇ ರೆಸಿಸ್ಟರಿನ ಕೆಳತುದಿಯಿಂದ ಧ್ವನಿಯ ಸಂಕೇತವನ್ನು ತೆಗೆದುಕೊಳ್ಳಬೇಕು. ತೊಡಕಿರುವುದು ಇಲ್ಲಿಯೇ. ಆ ಫೆಟ್ ತನ್ನ ಮೂಲಕ ಹರಿಯುವ ಪ್ರವಾಹವನ್ನು ಹೆಚ್ಚುಕಡಿಮೆ ಬದಲಿಸದೆ ಹಿಡಿದಿಡುವ ಸ್ವಭಾವದ್ದು. ಆದ್ದರಿಂದ ರೆಸಿಸ್ಟರಿನ ಮೇಲ್ತುದಿಯ ವೋಲ್ಟೇಜು ಎಷ್ಟು ನಡುಗುತ್ತದೆಯೋ, ಕೆಳತುದಿಯೂ ಸರಿಸುಮಾರು ಅಷ್ಟೇ ನಡುಗುತ್ತದೆ. ಆ ನಡುಕ ಮತ್ತು ನಿಮ್ಮ ಧ್ವನಿ ಎರಡೂ ಒಂದೇ ಬಾಗಿಲಿನಿಂದ ಪ್ರಿಆಂಪಿನೊಳಗೆ ಹೋಗಿ ಸಮನಾಗಿ ದೊಡ್ಡದಾಗುತ್ತವೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಸರ್ಕ್ಯೂಟು ಒಟ್ಟು 1 ಮಿಲಿಆಂಪಿಯರ್ ಪ್ರವಾಹ ಎಳೆಯುತ್ತದೆ ಎಂದುಕೊಂಡರೆ, 1000 ಮೈಕ್ರೊಫ್ಯಾರಡಿನ ಕೆಪಾಸಿಟರ್ ಇದ್ದೂ ಸೆಕೆಂಡಿಗೆ 100 ಬಾರಿಯಂತೆ ಸುಮಾರು 10 ಮಿಲಿವೋಲ್ಟಿನಷ್ಟು ಏರಿಳಿತ ಉಳಿದಿರುತ್ತದೆ. ಬೇರೆ ಕೆಲಸಗಳಿಗೆ ಇದು ಲೆಕ್ಕಕ್ಕೇ ಬಾರದ ಪ್ರಮಾಣ. ಆದರೆ ಒಂದಡಿ ದೂರದಲ್ಲಿ ಸಹಜವಾಗಿ ಮಾತನಾಡಿದಾಗ ಇಂಥ ಮೈಕಿನಿಂದ ಹೊರಡುವ ಸಂಕೇತ ಅರ್ಧ ಮಿಲಿವೋಲ್ಟಿಗಿಂತಲೂ ಕಡಿಮೆ! ಹೀಗೆ ಮೈಕಿನ ತುದಿಯಲ್ಲಿ ಗುಂಯ್ ಸದ್ದೇ ಧ್ವನಿಗಿಂತ ಇಪ್ಪತ್ತು ಪಟ್ಟು ದೊಡ್ಡದಾಗಿ ನಿಂತಿರುತ್ತದೆ. ಕೆಪಾಸಿಟರನ್ನು 1000ದಿಂದ 2200ಕ್ಕೆ ಏರಿಸಿದರೆ ಅದು ಅರ್ಧಕ್ಕಿಳಿಯಬಹುದು, ಅಷ್ಟೇ. ನಮಗೆ ಬೇಕಾದದ್ದು ನೂರಾರು ಪಟ್ಟು ಇಳಿಕೆ.

ಆ ಇಳಿಕೆಯನ್ನು ತೀರ ಅಗ್ಗದ ಸಾಮಾನಿನಿಂದ ಪಡೆಯಬಹುದು. ಮೈಕಿಗೆ ವೋಲ್ಟೇಜು ಕೊಡುವ ರೆಸಿಸ್ಟರನ್ನು ಒಂದರ ಬದಲು ಎರಡು ಮಾಡಿರಿ, 4.7 ಕಿಲೋ ಓಮಿನವು. ಎರಡನ್ನೂ ಸರಣಿಯಲ್ಲಿ ಜೋಡಿಸಿ, ಅವು ಸೇರುವ ನಡುಬಿಂದುವಿನಿಂದ ಗ್ರೌಂಡಿಗೆ 100 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿರಿ. ಮೇಲಿನ ರೆಸಿಸ್ಟರ್ ಮತ್ತು ಈ ಕೆಪಾಸಿಟರ್ ಕೂಡಿ 100 ಹರ್ಟ್ಜಿನ ಏರಿಳಿತವನ್ನು ಸುಮಾರು ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. 10 ಮಿಲಿವೋಲ್ಟು ಇದ್ದದ್ದು 0.03 ಮಿಲಿವೋಲ್ಟಿಗೆ ಬರುತ್ತದೆ. ಕೆಳಗಿನ ರೆಸಿಸ್ಟರ್ ಮೈಕಿನ ಹೊರೆಯಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಬಳಸುವ 2.2 ಕಿಲೋ ಓಮಿಗಿಂತ ಇದು ದೊಡ್ಡದಾದ್ದರಿಂದ ಧ್ವನಿಯ ಸಂಕೇತವೂ ಎರಡು ಪಟ್ಟಿನಷ್ಟು ಹೆಚ್ಚುತ್ತದೆ. ಸ್ವಿಚ್ ಹಾಕಿದ ಮೇಲೆ ಕೆಪಾಸಿಟರ್ ತುಂಬಿಕೊಳ್ಳುವವರೆಗೆ ಎರಡು ಮೂರು ಸೆಕೆಂಡು ಧ್ವನಿ ಸರಿಯಾಗಿ ಬಾರದಿದ್ದರೆ ಗಾಬರಿಯಾಗಬೇಡಿ.

ಇದರ ಜೊತೆಗೆ ಅಡಾಪ್ಟರ್ ಮತ್ತು ಪ್ರಿಆಂಪಿನ ನಡುವೆ 7809 ಎಂಬ ರೆಗ್ಯುಲೇಟರ್ ಐಸಿ ಹಾಕುವುದನ್ನು ನಾನು ಒತ್ತಾಯಿಸಿ ಹೇಳುತ್ತೇನೆ. ನಿಮ್ಮಂಥ ಹಳೆಯ ಅಡಾಪ್ಟರು ಹೊರೆಯಿಲ್ಲದಾಗ 12ರ ಬದಲು 15, 16 ವೋಲ್ಟು ಕೊಡುವುದು ಸಾಮಾನ್ಯ, ಆದರೆ ಇಂಥ ಮೈಕುಗಳಲ್ಲಿ ಹೆಚ್ಚಿನವುಗಳ ಗರಿಷ್ಠ ಮಿತಿ 10 ವೋಲ್ಟು. 7809 ಇದ್ದರೆ ಎಲ್ಲಕ್ಕೂ ಸ್ಥಿರವಾದ 9 ವೋಲ್ಟು ಸಿಗುತ್ತದೆ, ಅಡಾಪ್ಟರಿನ ಏರಿಳಿತವೂ ಅಲ್ಲಿಯೇ ನೂರಾರು ಪಟ್ಟು ತಗ್ಗುತ್ತದೆ. ಒಂದೇ ಟ್ರಾನ್ಸಿಸ್ಟರಿನ ಪ್ರಿಆಂಪಿಗೆ ಇದು ಇನ್ನೂ ಒಂದು ಕಾರಣಕ್ಕೆ ಬೇಕು: ಅಲ್ಲಿ ಕಲೆಕ್ಟರಿನ ರೆಸಿಸ್ಟರು ನೇರವಾಗಿ ಪಾಸಿಟಿವ್ ಗೆರೆಗೆ ಸೇರಿರುವುದರಿಂದ ಆ ಗೆರೆಯ ನಡುಕ ಬಹುಮಟ್ಟಿಗೆ ಹಾಗೆಯೇ ಹೊರಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಟ್ರಾನ್ಸಿಸ್ಟರನ್ನು ಬದಲಿಸಬೇಕಾಗಿಲ್ಲ. ಬಿಸಿ 549 ಹಾಕಿದರೆ ಹಿನ್ನೆಲೆಯ ‘ಸ್‌ಸ್’ ಎಂಬ ಸದ್ದು ಕಡಿಮೆಯಾದೀತು, ಗುಂಯ್ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ತಂತಿ. ಕರೆಗಂಟೆಯ ತಂತಿಯನ್ನು ಕರೆಗಂಟೆಗೇ ಬಿಡಿ. ನಡುವೆ ಒಂದು ಎಳೆ, ಅದರ ಸುತ್ತ ತಾಮ್ರದ ಜಾಲರಿ ಇರುವ ಶೀಲ್ಡ್ ವೈರನ್ನು ಕೇಳಿ ತನ್ನಿ. ನಡುವಿನ ಎಳೆ ಮೈಕಿನ ಪಾಸಿಟಿವಿಗೆ, ಜಾಲರಿ ನೆಗೆಟಿವಿಗೆ. ಪ್ರಿಆಂಪನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನೂ ಗ್ರೌಂಡಿಗೆ ಒಂದೇ ಒಂದು ಜಾಗದಲ್ಲಿ, ಮೈಕಿನ ಸಾಕೆಟ್ಟಿನ ಹತ್ತಿರ, ಸೇರಿಸಿರಿ. ನೀವು ಹಾಕಿದ 1000ದ ಕೆಪಾಸಿಟರು ಈಗ ಎಲ್ಲಿ ಕೂತಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫೈಯರಿನಿಂದ ಅದಕ್ಕೆ ಹರಿಯುವ ಪ್ರವಾಹ ಸಮನಾಗಿ ಹರಿಯದೆ, ಸೆಕೆಂಡಿಗೆ 100 ಬಾರಿ ಸಣ್ಣ ಸಣ್ಣ ಹೊಡೆತಗಳಾಗಿ ಬರುತ್ತದೆ. ಆ ಹೊಡೆತಗಳು ಮರಳುವ ತಂತಿಯನ್ನೇ ಮೈಕಿನ ಗ್ರೌಂಡೂ ಹಂಚಿಕೊಂಡಿದ್ದರೆ, ಎಷ್ಟು ಒಳ್ಳೆಯ ಶೀಲ್ಡ್ ವೈರ್ ಹಾಕಿದರೂ ಸದ್ದು ಬಿಡುವುದಿಲ್ಲ. ವಿದ್ಯುತ್ತಿನ ಗ್ರೌಂಡು ಮೊದಲು ಆ ಕೆಪಾಸಿಟರಿಗೆ ಬಂದು, ಅಲ್ಲಿಂದ ಪ್ರಿಆಂಪಿಗೆ ಬೇರೆಯೇ ತಂತಿ ಹೋಗಲಿ.

ಅಡಾಪ್ಟರನ್ನು ಪ್ರಿಆಂಪಿನಿಂದ ಕನಿಷ್ಠ ಒಂದು ಮೀಟರ್ ದೂರವಿಡಿ. ಟ್ರಾನ್ಸ್‌ಫಾರ್ಮರಿನ ಸುತ್ತ ಹರಡುವ ಕಾಂತಕ್ಷೇತ್ರಕ್ಕೆ ತಾಮ್ರದ ಜಾಲರಿಯಾಗಲಿ ಅಲ್ಯೂಮಿನಿಯಂ ಡಬ್ಬಿಯಾಗಲಿ ಅಡ್ಡಿಯೇ ಅಲ್ಲ. ಕಬ್ಬಿಣದ ಡಬ್ಬಿ ಒಂದಿಷ್ಟು ತಡೆದೀತು, ದೂರವೇ ನಿಜವಾದ ಮದ್ದು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಒಂದು ಪ್ರಿಆಂಪಿನ ಗುಂಯ್ ಸದ್ದನ್ನು ಹುಡುಕುತ್ತ, ಇದ್ದ ಕೆಪಾಸಿಟರುಗಳನ್ನೆಲ್ಲ ಬದಲಿಸಿ, ರಾತ್ರಿ ಊಟದ ಹೊತ್ತಿಗೆ ಸೋತು ಮೇಜಿನ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತ ಬಂದಾಗ, ಪಕ್ಕದಲ್ಲಿಯೇ ಇಟ್ಟಿದ್ದ ಬೆಸುಗೆ ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಆರಿದ ಕ್ಷಣಕ್ಕೆ ಸದ್ದು ನಿಂತಿತು.

ಆದ್ದರಿಂದ ಏನನ್ನೂ ಬದಲಿಸುವ ಮೊದಲು ಸದ್ದು ಎಲ್ಲಿಂದ ಹೊಗುತ್ತಿದೆ ಎಂಬುದನ್ನು ಕಂಡುಕೊಳ್ಳಿ. ಪ್ರಿಆಂಪನ್ನು 9 ವೋಲ್ಟಿನ ಬ್ಯಾಟರಿಯ ಮೇಲೆ ನಡೆಸಿ, ಅಡಾಪ್ಟರನ್ನು ಗೋಡೆಯಿಂದಲೇ ಕಳಚಿ: ಸದ್ದು ಹೋದರೆ ತಪ್ಪು ಅಡಾಪ್ಟರಿನದು. ಹೋಗದಿದ್ದರೆ ಮೈಕನ್ನು ಬಿಚ್ಚಿ, ಆ ಜಾಗದಲ್ಲಿ, ಪ್ರಿಆಂಪಿನ ಸಾಕೆಟ್ಟಿನಲ್ಲಿಯೇ, 2.2 ಕಿಲೋ ಓಮಿನ ರೆಸಿಸ್ಟರ್ ಜೋಡಿಸಿ: ಈಗ ನಿಂತರೆ ತಪ್ಪು ಮೈಕಿನದು ಅಥವಾ ಅದರ ತಂತಿಯದು, ಇನ್ನೂ ಇದ್ದರೆ ಪ್ರಿಆಂಪಿನ ಒಳಗಿನದು, ಇಲ್ಲವೇ ಅದರಿಂದ ಮುಂದಿನದು.

ನಿಮ್ಮ ಕೈಯಲ್ಲಿ ನನ್ನಂಥವರ ಕೈಯಲ್ಲಿಲ್ಲದ ಇನ್ನೊಂದು ಉಪಕರಣವಿದೆ, ಅದು ನಿಮ್ಮ ಶ್ರುತಿಜ್ಞಾನ. ಧ್ವನಿಮುದ್ರಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿರಿ. ಫೋನಿನ ಚಿಕ್ಕ ಸ್ಪೀಕರು ಇಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. 100 ಹರ್ಟ್ಜಿನ ಸದ್ದು ಹಾರ್ಮೋನಿಯಮ್ಮಿನ ಮಂದ್ರದ ಬಿಳಿ ಐದಕ್ಕಿಂತ (98 ಹರ್ಟ್ಜ್) ಕೂದಲೆಳೆಯಷ್ಟು ಏರಿರುತ್ತದೆ. 50 ಹರ್ಟ್ಜಿನದು ಅದರ ಒಂದು ಸ್ಥಾಯಿ ಕೆಳಗೆ. ಮೇಲಿನದು ಪ್ರಬಲವಾಗಿದ್ದರೆ ಹೆಚ್ಚಾಗಿ ಅಡಾಪ್ಟರಿನ ಏರಿಳಿತ, ಕೆಳಗಿನದು ಪ್ರಬಲವಾಗಿದ್ದರೆ ತಂತಿ, ಕವಚ ಅಥವಾ ಗ್ರೌಂಡಿನ ದೋಷ ಎಂದು ತಿಳಿಯಬಹುದು. ನೀವು ಐದರ ಶ್ರುತಿಯಲ್ಲಿ ಹಾಡುವವರಾದರೆ, ಅಪಶ್ರುತಿಯಾದ ಮಂದ್ರ ಷಡ್ಜವೊಂದು ಪಾಠದುದ್ದಕ್ಕೂ ಜೊತೆಗೂಡಿದಂತೆ ಕೇಳುತ್ತಿರುವುದಕ್ಕೆ ಕಾರಣವೂ ಇದೇ.

ಕೊನೆಗೂ ತುಸು ಉಳಿದರೆ, ಪ್ರಿಆಂಪಿನಿಂದ ಹೊರಗೆ 72 ಹರ್ಟ್ಜಿನ ಕೆಳಗೆ ತಗ್ಗಿಸುವ ಒಂದು ಸಾದಾ ಫಿಲ್ಟರನ್ನು, ಅಂದರೆ ಸರಣಿಯಲ್ಲಿ 0.022 ಮೈಕ್ರೊಫ್ಯಾರಡಿನ ಕೆಪಾಸಿಟರ್ ಮತ್ತು ಅದರಾಚೆ ಗ್ರೌಂಡಿಗೆ 100 ಕಿಲೋ ಓಮಿನ ರೆಸಿಸ್ಟರನ್ನು ಹಾಕಬಹುದು; ಮುಂದಿನ ಉಪಕರಣದ ಇನ್‌ಪುಟ್ ಪ್ರತಿರೋಧ ಅದಕ್ಕಿಂತ ಬಹಳ ಹೆಚ್ಚಿರಬೇಕೆಂಬುದು ಷರತ್ತು. ಆದರೆ ಇದರಿಂದ 50 ಹರ್ಟ್ಜು ಇಳಿಯುವುದು ಐದು ಡೆಸಿಬೆಲ್ಲಿನಷ್ಟು ಮಾತ್ರ, 100 ಹರ್ಟ್ಜಿಗೆ ಹೆಚ್ಚೇನೂ ಆಗುವುದಿಲ್ಲ, ತಂಬೂರಿಯ ಮಂದ್ರ ಷಡ್ಜವೂ ಸ್ವಲ್ಪ ಸೊರಗುತ್ತದೆ. ನಾನಾದರೆ ಹಾಕುವುದಿಲ್ಲ.

ಪ್ರಶ್ನೆ: ಮೈಕು ಮತ್ತು ಪ್ರಿಆಂಪನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಪಾಠಗಳನ್ನು ಮುದ್ರಿಸುತ್ತೇನೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿದ್ದಾಗ ಸದ್ದೇ ಇಲ್ಲ. ಚಾರ್ಜರ್ ಸಿಕ್ಕಿಸಿದ ಕೂಡಲೆ ಗುಂಯ್ ಎನ್ನುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗವನ್ನು ಮುಟ್ಟಿದರೆ ಕಡಿಮೆಯಾಗುತ್ತದೆ. ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ತೆಗೆದರೆ ಸರಿಹೋಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?
— ಕಾಲೇಜು ಅಧ್ಯಾಪಕ, ಧಾರವಾಡ

ಉತ್ತರ: ದಯವಿಟ್ಟು ಆ ಪಿನ್ನಿನ ಗೊಡವೆಗೆ ಹೋಗಬೇಡಿ. ಅದು ಅರ್ಥಿಂಗ್ ಪಿನ್ನು. ಚಾರ್ಜರಿನೊಳಗೆ ಏನಾದರೂ ಕೆಟ್ಟಾಗ 230 ವೋಲ್ಟು ನಿಮ್ಮ ಕೈಗೆ ಬಾರದೆ ಭೂಮಿಗೆ ಹರಿಯಲಿ ಎಂದು ಇರುವಂಥದು. ಒಂದು ಧ್ವನಿಮುದ್ರಣದ ಸೊಗಸಿಗಾಗಿ ಅದನ್ನು ಕಳೆಯುವುದು ತೀರ ದುಬಾರಿಯ ವ್ಯಾಪಾರ.

ಸಾಗರದ ಓದುಗರು ಮುಟ್ಟಿದಾಗ ಸದ್ದು ಏರಿತು, ನೀವು ಮುಟ್ಟಿದಾಗ ಇಳಿಯಿತು; ಎರಡೂ ಬೇರೆ ಬೇರೆ ರೋಗದ ಲಕ್ಷಣ. ನಿಮ್ಮಲ್ಲಿ ಕವಚದ ಜೋಡಣೆ ಸರಿಯಿದೆ, ಆದರೆ ಇಡೀ ವ್ಯವಸ್ಥೆಗೆ ಭೂಮಿಯ ಆಸರೆ ಇಲ್ಲ. ಈ ಬಗೆಯ ಚಾರ್ಜರುಗಳಲ್ಲಿ ವಿದ್ಯುತ್ತಿನ ಬದಿಯಿಂದ ಹೊರಬದಿಗೆ ಒಂದು ಚಿಕ್ಕ ಸುರಕ್ಷಾ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇಲ್ಲದ ಕಡೆ, ಅಂದರೆ ಎರಡೇ ಪಿನ್ನಿನ ಚಾರ್ಜರಿನಲ್ಲಿ ಅಥವಾ ಮೂರು ಪಿನ್ನಿದ್ದೂ ಗೋಡೆಯ ಸಾಕೆಟ್ಟಿಗೆ ಅರ್ಥ್ ತಂತಿಯೇ ಬಾರದ ಮನೆಗಳಲ್ಲಿ, ಅದರ ಮೂಲಕ ಸೋರುವ ಪ್ರವಾಹ ಹೋಗಲು ದಾರಿ ಹುಡುಕುತ್ತಿರುತ್ತದೆ. ಲೋಹದ ಮೈ ಸವರಿದಾಗ ಬೆರಳಿಗೆ ಜುಮ್ಮೆನ್ನುವುದು ಅದರಿಂದಲೇ. ನಿಮ್ಮ ಪ್ರಿಆಂಪಿಗೂ ಬೇರೊಂದು ಅಡಾಪ್ಟರ್ ಇದ್ದರೆ ಆ ಪ್ರವಾಹ ಲ್ಯಾಪ್‌ಟಾಪಿನಿಂದ ಹೊರಟು, ಧ್ವನಿಯ ತಂತಿಯ ಜಾಲರಿಯನ್ನೇ ಹಾದಿ ಮಾಡಿಕೊಂಡು, ಪ್ರಿಆಂಪಿನ ಅಡಾಪ್ಟರಿನತ್ತ ಹೋಗುತ್ತದೆ.

ಹಾದಿಯಲ್ಲಿ ಅದು ಎಲ್ಲಿ ಹಾಯುತ್ತದೆ ಎಂಬುದರ ಮೇಲೆ ಹಾನಿ ನಿಂತಿದೆ. ಸೋರಿಕೆ 0.1 ಮಿಲಿಆಂಪಿಯರ್, ಜಾಲರಿಯ ಪ್ರತಿರೋಧ 0.1 ಓಮ್ ಎಂದಿಟ್ಟುಕೊಂಡರೆ ಅಲ್ಲಿ ಹುಟ್ಟುವ ವೋಲ್ಟೇಜು 0.01 ಮಿಲಿವೋಲ್ಟು. ಇದು ಪ್ರಿಆಂಪಿನ ನಂತರದ, ಆಗಲೇ ನೂರು ಪಟ್ಟು ದೊಡ್ಡದಾದ ಸಂಕೇತಕ್ಕೆ ಸೇರಿದರೆ ಕಿವಿಗೆ ಗೊತ್ತೂ ಆಗದು. ಮೈಕು ಮತ್ತು ಪ್ರಿಆಂಪಿನ ನಡುವಿನ ತಂತಿಯಲ್ಲಿ ಸೇರಿದರೆ ಸ್ಪಷ್ಟವಾಗಿ ಕೇಳುತ್ತದೆ. ಆದ್ದರಿಂದ ಪ್ರಿಆಂಪನ್ನು ಮೈಕಿನ ಪಕ್ಕಕ್ಕೇ ತಂದು, ಉದ್ದದ ತಂತಿಯನ್ನು ಅದರ ಆಚೆಗೆ ಎಳೆಯಿರಿ. ಪ್ರಿಆಂಪನ್ನು 9 ವೋಲ್ಟಿನ ಬ್ಯಾಟರಿಯಿಂದ ನಡೆಸಿದರೆ ಸೋರಿಕೆಯ ಪ್ರವಾಹಕ್ಕೆ ಆಚೆ ಹೋಗಲು ದಾರಿಯೇ ಇರುವುದಿಲ್ಲ; ಒಂದೆರಡು ಮಿಲಿಆಂಪಿಯರ್ ಎಳೆಯುವ ಇಂಥ ಪ್ರಿಆಂಪಿಗೆ ಒಂದು ಬ್ಯಾಟರಿ ಬಹಳ ದಿನ ಬಾಳುತ್ತದೆ. ಅಡಾಪ್ಟರೇ ಬೇಕೆಂದರೆ ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಪ್ರಿಆಂಪ್ ಮತ್ತು ಲ್ಯಾಪ್‌ಟಾಪಿನ ನಡುವೆ ಧ್ವನಿಗೆಂದೇ ಮಾಡಿದ, 600 ಓಮಿನ ಒಂದಕ್ಕೊಂದು ಅನುಪಾತದ ಟ್ರಾನ್ಸ್‌ಫಾರ್ಮರ್ ಸೇರಿಸಿರಿ. ಅದರಲ್ಲಿ ಧ್ವನಿ ದಾಟುತ್ತದೆ, ಎರಡು ಬದಿಯ ಗ್ರೌಂಡುಗಳು ಒಂದನ್ನೊಂದು ಮುಟ್ಟುವುದಿಲ್ಲ.

ಪಾಠ ಒಂದು ಗಂಟೆಗಿಂತ ಹೆಚ್ಚಿಲ್ಲವಾದರೆ ಚಾರ್ಜರನ್ನು ಕಳಚಿಟ್ಟು ಮುದ್ರಿಸುವುದೇ ಎಲ್ಲಕ್ಕಿಂತ ಸುಲಭ.

ಪ್ರಶ್ನೆ: ತಾಳಮದ್ದಳೆಯ ಕೂಟವನ್ನು ಮುದ್ರಿಸಲು ವೇದಿಕೆಯಿಂದ ಪಕ್ಕದ ಕೋಣೆಗೆ 15 ಮೀಟರ್ ಶೀಲ್ಡ್ ವೈರ್ ಎಳೆದಿದ್ದೇವೆ. ಜಾಲರಿಯನ್ನು ಒಂದೇ ಬದಿಯಲ್ಲಿ ಜೋಡಿಸಬೇಕೆಂದು ಒಬ್ಬರು, ಎರಡೂ ಬದಿಯಲ್ಲಿ ಎಂದು ಇನ್ನೊಬ್ಬರು ಹೇಳುತ್ತಾರೆ. ಅಲ್ಲದೆ ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಂಡ ಕೂಡಲೆ ಗುಂಯ್ ಎನ್ನುತ್ತಿದ್ದದ್ದು ಗೊರ್ ಎಂದು ಕರ್ಕಶವಾಗುತ್ತದೆ.
— ಹವ್ಯಾಸಿ ಸಂಘದ ಕಾರ್ಯದರ್ಶಿ, ಉಡುಪಿ

ಉತ್ತರ: ಇಬ್ಬರೂ ಸರಿಯೇ, ತಂತಿ ಯಾವುದು ಎಂಬುದರ ಮೇಲೆ. ಒಳಗೆ ಒಂದೇ ಎಳೆಯಿರುವ ತಂತಿಯಲ್ಲಿ ಸಂಕೇತ ಮರಳುವ ದಾರಿ ಜಾಲರಿಯೇ ಆದ್ದರಿಂದ ಎರಡೂ ತುದಿಗಳನ್ನು ಜೋಡಿಸದೆ ಗತ್ಯಂತರವಿಲ್ಲ. ಒಳಗೆ ಹೆಣೆದ ಎರಡು ಎಳೆಗಳಿರುವ ತಂತಿಯಲ್ಲಿ, ಒಂದು ಎಳೆಯನ್ನು ಪಾಸಿಟಿವಿಗೂ ಇನ್ನೊಂದನ್ನು ನೆಗೆಟಿವಿಗೂ ಕೊಟ್ಟು, ಜಾಲರಿಯನ್ನು ಪ್ರಿಆಂಪಿನ ಬದಿಯಲ್ಲಿ ಮಾತ್ರ ಗ್ರೌಂಡಿಗೆ ಸೇರಿಸಬಹುದು. ಆಗ ಜಾಲರಿಯಲ್ಲಿ ಹರಿಯುವ ಹೊರಗಿನ ಪ್ರವಾಹ ಸಂಕೇತದ ದಾರಿಗೆ ಬರುವುದಿಲ್ಲ, ಹೆಣೆದ ಎಳೆಗಳಿಂದಾಗಿ ಕಾಂತಕ್ಷೇತ್ರದ ಉಪದ್ರವವೂ ಇಳಿಯುತ್ತದೆ. 15 ಮೀಟರಿಗೆ ಎರಡೆಳೆಯದೇ ತಕ್ಕದ್ದು. ಇಷ್ಟು ಉದ್ದಕ್ಕೆ ಸ್ವರದ ಮೊನಚು ಹೋಗುತ್ತದೆಯೇ ಎಂಬ ಭಯ ಬೇಡ: ಇಂಥ ತಂತಿ ಮೀಟರಿಗೆ 100 ಪಿಕೊಫ್ಯಾರಡಿನಂತೆ ಒಟ್ಟು 1500 ಆದರೂ, 2.2 ಕಿಲೋ ಓಮಿನ ಮೈಕಿನಲ್ಲಿ ಅದರ ಪರಿಣಾಮ ಮನುಷ್ಯನ ಕಿವಿಗೆ ಕೇಳುವ 20,000 ಹರ್ಟ್ಜಿನ ಆಚೆಗೇ ಶುರುವಾಗುತ್ತದೆ.

ಇನ್ವರ್ಟರಿನ ಪ್ರಶ್ನೆ ಸ್ವಾರಸ್ಯವಾದದ್ದು. ವಿದ್ಯುತ್ ಮಂಡಳಿಯ ಕರೆಂಟು ನುಣುಪಾದ ಅಲೆ. ಅದರಲ್ಲಿ ಮುಖ್ಯವಾಗಿ 50 ಹರ್ಟ್ಜು ಮಾತ್ರ ಇರುತ್ತದೆ. ಅಗ್ಗದ ಇನ್ವರ್ಟರುಗಳು ಕೊಡುವುದು ಚೌಕಾಕಾರದ ಅಲೆ. ಅದರಲ್ಲಿ 50ರ ಜೊತೆಗೆ 150, 250, 350 ಹೀಗೆ ಬೆಸಸಂಖ್ಯೆಯ ಪಟ್ಟುಗಳೆಲ್ಲ ತುಂಬಿರುತ್ತವೆ. ಕಂಪನ ಹೆಚ್ಚಿದಷ್ಟೂ ಅದು ಗಾಳಿಯ ಮೂಲಕವೇ ಪಕ್ಕದ ತಂತಿಗೆ ಸುಲಭವಾಗಿ ದಾಟುತ್ತದೆ, ನಮ್ಮ ಕಿವಿಗೂ 50ಕ್ಕಿಂತ 350 ಬಹಳ ಚುರುಕಾಗಿ ಕೇಳುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನಡುಮಟ್ಟದಲ್ಲಿಟ್ಟಾಗ ಬರುವ ಗೊರ್ ಸದ್ದೂ ಇದೇ ಜಾತಿಯದು. ಅದು ಅಲೆಯನ್ನು ಮಧ್ಯೆ ಕತ್ತರಿಸುವುದರಿಂದ ಹುಟ್ಟುತ್ತದೆ. ಕೂಟ ನಡೆಯುವಾಗ ಫ್ಯಾನನ್ನು ಪೂರ್ತಿ ವೇಗದಲ್ಲಿಡಿ ಅಥವಾ ಆರಿಸಿರಿ, ಮೈಕಿನ ತಂತಿಯನ್ನು ಕರೆಂಟಿನ ತಂತಿಯ ಜೊತೆಜೊತೆಗೆ ಎಳೆಯಬೇಡಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿರಿ. ಮುದ್ರಿಸುವ ಉಪಕರಣಗಳಷ್ಟೂ ಬ್ಯಾಟರಿಯ ಮೇಲಿದ್ದರೆ ಇನ್ವರ್ಟರಿನ ತೊಂದರೆ ಬಹುಪಾಲು ತೀರುತ್ತದೆ.

ಪ್ರಶ್ನೆ: ಮ್ಯಾಕ್ಸ್ 9814 ಎಂಬ ಐಸಿ ಇರುವ ಸಿದ್ಧ ಮೈಕ್ ಮಾಡ್ಯೂಲ್ ತಂದಿದ್ದೇನೆ. ಮಾತನಾಡುವಾಗ ಸ್ವಚ್ಛವಾಗಿರುತ್ತದೆ, ಮಾತು ನಿಲ್ಲಿಸಿದ ಒಂದೆರಡು ಕ್ಷಣಗಳಲ್ಲಿ ಗುಂಯ್ ಸದ್ದು ಮೆಲ್ಲಗೆ ಏಳುತ್ತದೆ. ಮಾಡ್ಯೂಲ್ ಕೆಟ್ಟಿದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಕೆಟ್ಟಿಲ್ಲ, ತನಗೆ ಹೇಳಿದ ಕೆಲಸವನ್ನು ಅತಿ ಶ್ರದ್ಧೆಯಿಂದ ಮಾಡುತ್ತಿದೆ. ಜೋರಾದ ಧ್ವನಿಯನ್ನು ತಗ್ಗಿಸಿ ಸಣ್ಣ ಧ್ವನಿಯನ್ನು ಏರಿಸುವ ಸ್ವಯಂಚಾಲಿತ ಏರ್ಪಾಡು ಅದರಲ್ಲಿದೆ. ನೀವು ಸುಮ್ಮನಾದಾಗ, ಎಲ್ಲೋ ದೂರದ ಧ್ವನಿಯಿರಬೇಕೆಂದು ಅದು ವರ್ಧನೆಯನ್ನು ಪೂರ್ತಿ ಏರಿಸುತ್ತದೆ. ಸಿಕ್ಕುವುದು ಗುಂಯ್ ಸದ್ದೊಂದೇ. ಗೇನ್ ಎಂದು ಬರೆದಿರುವ ಪಿನ್ನನ್ನು ಏನಕ್ಕೂ ಜೋಡಿಸದಿದ್ದರೆ ಗರಿಷ್ಠ ವರ್ಧನೆ 60 ಡೆಸಿಬೆಲ್, ಗ್ರೌಂಡಿಗೆ ಜೋಡಿಸಿದರೆ 50, ಪಾಸಿಟಿವಿಗೆ ಜೋಡಿಸಿದರೆ 40. ನೀವು ಅದನ್ನು ಹಾಗೆಯೇ ಬಿಟ್ಟಿರಬೇಕು. 40ಕ್ಕೆ ಇಳಿಸಿ, ಬಾಯನ್ನು ಮೈಕಿಗೆ ಹತ್ತಿರ ತನ್ನಿ; ಒಂದಡಿ ಇದ್ದದ್ದನ್ನು ಅರ್ಧ ಅಡಿ ಮಾಡಿದರೆ ಧ್ವನಿಯ ಸಂಕೇತ ಎರಡು ಪಟ್ಟಾಗುತ್ತದೆ, ಗುಂಯ್ ಸದ್ದು ಇದ್ದಷ್ಟೇ ಇರುತ್ತದೆ. ಯುಎಸ್‌ಬಿ ಚಾರ್ಜರಿನ 5 ವೋಲ್ಟಿನಿಂದ ನಡೆಸುತ್ತಿದ್ದರೆ, ಆ ಗೆರೆಯಲ್ಲಿ 47 ಓಮಿನ ರೆಸಿಸ್ಟರ್ ಮತ್ತು 470 ಮೈಕ್ರೊಫ್ಯಾರಡಿನ ಕೆಪಾಸಿಟರನ್ನು ಸೇರಿಸಿ ನೋಡಿ.

ಪ್ರಶ್ನೆ: ಈ ಪುಟ್ಟ ಮೈಕನ್ನು ಧ್ವನಿ ಮಿಕ್ಸರಿನ, ಧ್ವನಿಯ ತಂತಿಯಲ್ಲಿಯೇ ಮೈಕಿಗೆ ವಿದ್ಯುತ್ತು ಕೊಡುವ 48 ವೋಲ್ಟಿನ ಫ್ಯಾಂಟಮ್ ಸಾಕೆಟ್ಟಿಗೆ ನೇರವಾಗಿ ಜೋಡಿಸಬಹುದೇ?
— ಕನ್ನಡ ಸಂಘದ ಸದಸ್ಯ, ಮುಂಬೈ

ಉತ್ತರ: ಬೇಡ. 10 ವೋಲ್ಟು ತಾಳುವ ಮೈಕಿಗೆ 48 ವೋಲ್ಟಿನ ಸಹವಾಸ ತರವಲ್ಲ. ಆ ಸಾಕೆಟ್ಟಿನಲ್ಲಿ 1ನೇ ಪಿನ್ನು ಗ್ರೌಂಡು. 2 ಮತ್ತು 3ನೇ ಪಿನ್ನುಗಳಿಗೆ ತಲಾ 6.8 ಕಿಲೋ ಓಮಿನ ಮೂಲಕ ಒಂದೇ ಸಮನಾಗಿ 48 ವೋಲ್ಟು ಬರುತ್ತದೆ, ಮತ್ತು ಆ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಮಿಕ್ಸರು ಧ್ವನಿಯೆಂದು ಸ್ವೀಕರಿಸುತ್ತದೆ. ದಾರಿಯಲ್ಲಿ ಎರಡೂ ಎಳೆಗಳಿಗೆ ಸಮನಾಗಿ ಸೇರಿದ ಗುಂಯ್ ಸದ್ದು ಅಲ್ಲಿ ತಾನಾಗಿಯೇ ರದ್ದಾಗುವುದೇ ಆ ಪದ್ಧತಿಯ ಲಾಭ. ಮೈಕನ್ನು ಒಂದೇ ಎಳೆಗೆ ಜೋಡಿಸಿದರೆ ಆ ಲಾಭವೂ ಹೋಗುತ್ತದೆ. ಕಾಲರ್ ಮೈಕುಗಳಿಗೆಂದು ಸಿಗುವ ಫ್ಯಾಂಟಮ್ ಅಡಾಪ್ಟರ್ ಕೊಳ್ಳಿರಿ. 48 ಎಂಬ ಸಂಖ್ಯೆ ಏಕೆ ಬಂತೆಂಬ ಕುತೂಹಲವಿದ್ದರೆ: 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿಯು ನಾರ್ವೆಯ ರೇಡಿಯೋ ಸಂಸ್ಥೆಗೆ ಮೈಕುಗಳನ್ನು ಮಾಡಿಕೊಟ್ಟಾಗ, ಅವರ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು, ಅದನ್ನೇ ಬಳಸಿಕೊಂಡರು.

ಪ್ರಶ್ನೆ: ಗುಂಯ್ ಸದ್ದು ನಮ್ಮಲ್ಲಿಲ್ಲ. ಆದರೆ ಆಗಾಗ ‘ಟಿಟ್ ಟಿಟಿಟ್ ಟರ್ರ್’ ಎಂದು ಬಂದು, ಸ್ವಲ್ಪ ಹೊತ್ತಿಗೆ ಯಾರದ್ದಾದರೂ ಮೊಬೈಲ್ ಹೊಡೆದುಕೊಳ್ಳುತ್ತದೆ.
— ಗೃಹಿಣಿ, ಚಿತ್ರದುರ್ಗ

ಉತ್ತರ: ನಿಮ್ಮ ಮೈಕಿಗೆ ಕರೆ ಬರುವುದು ಮೊದಲೇ ತಿಳಿಯುತ್ತದೆ! 2ಜಿ ಫೋನುಗಳು ತಮ್ಮ ರೇಡಿಯೋ ಅಲೆಯನ್ನು ಸೆಕೆಂಡಿಗೆ ಸುಮಾರು 217 ಬಾರಿ ತುಂಡು ತುಂಡಾಗಿ ಹೊರಡಿಸುತ್ತವೆ. ಆ ಅಲೆ ಮೈಕಿನ ತಂತಿಯನ್ನು ಹಿಡಿದು ಒಳಗೆ ಬಂದಾಗ, ಮೈಕಿನ ಫೆಟ್ಟೋ ಪ್ರಿಆಂಪಿನ ಟ್ರಾನ್ಸಿಸ್ಟರೋ ಅದನ್ನು ಹಳೆಯ ರೇಡಿಯೋದ ಡಯೋಡಿನಂತೆ ಧ್ವನಿಯಾಗಿ ಬಿಡಿಸಿಬಿಡುತ್ತದೆ. ಮೈಕಿನ ಎರಡು ಬಿಂದುಗಳ ನಡುವೆ, ಡಬ್ಬಿಗೆ ಅಂಟಿದಂತೆ, 33 ಪಿಕೊಫ್ಯಾರಡಿನ ಸಿರಾಮಿಕ್ ಕೆಪಾಸಿಟರನ್ನೂ, ಪ್ರಿಆಂಪಿನ ಬಾಗಿಲಲ್ಲಿ ಗ್ರೌಂಡಿಗೆ 100 ಪಿಕೊಫ್ಯಾರಡಿನ ಇನ್ನೊಂದನ್ನೂ ಹಾಕಿರಿ. ಅದರ ಕಾಲುಗಳು ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಒಳ್ಳೆಯದು. ಉದ್ದ ಬಿಟ್ಟರೆ ಅವೇ ಏರಿಯಲ್ಲಾಗುತ್ತವೆ. ಅಷ್ಟರವರೆಗೆ ಫೋನುಗಳು ಬೇರೆ ಕೋಣೆಯಲ್ಲಿರಲಿ.